ಕೊನೆಯ ಪುಟ ಮೊದಲು ಓದಿದವಳು

ಮಾನ್ಯ ಅಧ್ಯಕ್ಷರಾದ ಪಂಚಾಕ್ಷರಪ್ಪನವರೇ, ಈ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ ಅನ್ನಪೂರ್ಣಮ್ಮನವರೇ, ಉಪಾಧ್ಯಾಯಿನಿಯರೇ, ಹರಿಹರದ ಹಿರಿಯರೇ, ದಾವಣಗೆರೆಯಿಂದ ನನ್ನ ಜೊತೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದ ನಮ್ಮ ಮನೆಯ ಮಂದಿಯೇ, ಜಮಖಾನದ ಮೇಲೆ ಕೂತು ಆಗಲೇ ಒಬ್ಬರ ಜಡೆ ಒಬ್ಬರು ಎಳೆಯುತ್ತಿರುವ ಮಕ್ಕಳೇ, ಮತ್ತು ಸಭಿಕರೇ,

ಇಷ್ಟು ಹೆಸರನ್ನು ಅನ್ನಪೂರ್ಣಮ್ಮನವರು ಚೀಟಿಯಲ್ಲಿ ನನಗಾಗಿ ಅಚ್ಚಿನ ಹಾಗೆ ಬಿಡಿಸಿ ಬರೆದುಕೊಟ್ಟರು. ಜಡೆಯ ಮಾತು ಮಾತ್ರ ನನ್ನದು.

ಅಧ್ಯಕ್ಷರು ನನ್ನನ್ನು ‘ವಿದ್ಯಾಪ್ರೇಮಿ’ ಅಂದರು. ‘ಒಂದು ಬೀರು, ಇನ್ನೂರ ಹನ್ನೆರಡು ಪುಸ್ತಕ ಕೊಟ್ಟ ಮಹಾತಾಯಿ ಬಸವಣ್ಣೆಮ್ಮನವರು’ ಅಂದರು. ಇದನ್ನು ನಮ್ಮ ಊರಿನ ಮೇಷ್ಟರು ಕೇಳಿದ್ದರೆ ಕೈಯಲ್ಲಿದ್ದ ಬೆತ್ತ ಕೆಳಗೆ ಬಿಡುತ್ತಿದ್ದರು. ನಾನು ಓದಿದ್ದು ಹಳ್ಳಿಯಲ್ಲಿ, ಮೂರನೇ ಕ್ಲಾಸಿನ ತನಕ. ಆಮೇಲೆ ಮೇಷ್ಟರಿಗೆ ವರ್ಗವಾಯಿತು, ನನಗೆ ಮದುವೆಯಾಯಿತು. ಅಚ್ಚಿನ ಅಕ್ಷರವಾದರೆ ಒಂದೊಂದೇ ಕೂಡಿಸಿಕೊಂಡು ಓದುತ್ತೇನೆ. ಕೈಬರಹವಾದರೆ ಕಣ್ಣು ಕಟ್ಟುತ್ತದೆ. ಇಂಥವಳಿಗೆ ಅನ್ನಪೂರ್ಣಮ್ಮನವರು ಹೇಳಿದ್ದೇನು ಗೊತ್ತೇ? ‘ಅಮ್ಮಾ, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಒಳ್ಳೆಯ ಪುಸ್ತಕ ಆರಿಸುವುದು ಹೆಂಗೆ, ಅದರ ಮೇಲೆ ಹತ್ತು ನಿಮಿಷ ಮಾತಾಡ್ರಿ.’ ಹತ್ತು ನಿಮಿಷಕ್ಕೆ ನಾನು ಸೊಸೆಯಂದಿರನ್ನು ಬೈದೂ ಮುಗಿಸಿದವಳಲ್ಲ.

ಆದರೂ ಒಪ್ಪಿಕೊಂಡೆ. ಯಾಕೆಂದರೆ ಈ ಕೆಲಸ ನಾನು ಮಾಡಿದ್ದೇನೆ. ಒಂದು ಕಾಲದಲ್ಲಿ ನಮ್ಮ ಮನೆಗೆ ಬಂದ ಪ್ರತಿಯೊಂದು ಪುಸ್ತಕವನ್ನೂ ಆರಿಸುತ್ತಿದ್ದವಳು ನಾನೇ. ಎಷ್ಟು ಕೆಟ್ಟದಾಗಿ ಆರಿಸಿದೆ ಅನ್ನುವುದನ್ನು ಹೇಳುವುದಕ್ಕೆ ನನಗಿಂತ ತಕ್ಕವರು ಈ ಸಭೆಯಲ್ಲಿ ಯಾರಿದ್ದಾರೆ?

ಮಂಡಿಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಹಿಂದೆ ಮನೆ, ಮುಂದೆ ಅಂಗಡಿ. ಕಿರಾಣಿ ಅಂಗಡಿಗೆ ಬೇಳೆ ಬೆಲ್ಲ ಎಷ್ಟು ಬೇಕೋ ರದ್ದಿ ಕಾಗದವೂ ಅಷ್ಟೇ ಬೇಕು. ಪೊಟ್ಟಣ ಕಟ್ಟಬೇಕಲ್ಲ? ಮನೆ ಖಾಲಿ ಮಾಡುವವರು, ವಾಚನಾಲಯದವರು, ಪರೀಕ್ಷೆ ಮುಗಿಸಿದ ಹುಡುಗರು, ಎಲ್ಲರ ಪುಸ್ತಕವೂ ತೂಕಕ್ಕೆ ನಮ್ಮಲ್ಲಿಗೆ ಬರುತ್ತಿತ್ತು. ಜಗುಲಿಯ ಮೇಲೆ ಮಸ್ತಾನಸಾಬರು ಕೂತು ಹಾಳೆ ಹರಿದು ಪೊಟ್ಟಣ ಅಂಟಿಸುತ್ತಿದ್ದರು. ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನದವರು ಯಾರು? ಊರಿನ ಅರ್ಧ ವಿದ್ಯೆ ಆ ಪೊಟ್ಟಣದಲ್ಲೇ ಹೋಯಿತು.

ನನ್ನ ಮೊಮ್ಮಗಳು ಉಮಾಮಹೇಶ್ವರಿ ಆ ರದ್ದಿಯ ರಾಶಿಯಲ್ಲೇ ಬೆಳೆದಳು. ಹತ್ತು ವರ್ಷಕ್ಕೆ ಅವಳಿಗೆ ಊಟ ಬ್ಯಾಡ, ಆಟ ಬ್ಯಾಡ, ಹಾಳೆ ಇದ್ದರೆ ಸಾಕು. ಅವಳ ತಾಯಿ ಸರ್ವಮಂಗಳ, ನನ್ನ ಹಿರಿಯ ಸೊಸೆ, ತಾನೂ ಅಂಥವಳೇ. ಒಲೆಯ ಮೇಲೆ ಹಾಲಿಟ್ಟು ಪುಸ್ತಕ ಹಿಡಿದು ನಿಲ್ಲುವವಳು. ಹಾಲು ಉಕ್ಕಿದಾಗ ನಾನು ಏನಂದೆ ಅನ್ನುವುದನ್ನು ಈ ಸಭೆಯಲ್ಲಿ ಹೇಳುವಂತಿಲ್ಲ. ಅವಳು ನಗುತ್ತಿದ್ದಳು. ‘ಅತ್ತೇ, ಕಥೆ ಒಂದು ಪುಟ ಉಳಿದಿತ್ತು ರೀ’ ಅನ್ನುತ್ತಿದ್ದಳು. ಅಡುಗೆಮನೆಯ ಡಬ್ಬಿಗಳಿಗೆಲ್ಲ ತನ್ನ ಕೈಯಲ್ಲಿ ಚೀಟಿ ಬರೆದು ಅಂಟಿಸಿದ್ದಳು: ಉದ್ದಿನಬೇಳೆ, ಜೀರಿಗೆ, ಸಾಸಿವೆ. ನನಗೆ ಮೂಸಿದರೆ ಗೊತ್ತಾಗುತ್ತದೆ, ಈ ಆಡಂಬರ ಯಾಕೆ ಅಂತ ಅದಕ್ಕೂ ಬೈದಿದ್ದೆ.

ಆರಿಸುವ ವಿಚಾರಕ್ಕೆ ಬರುತ್ತೇನೆ. ಉಮಾ ಪುಸ್ತಕ ಎತ್ತಿಕೊಂಡರೆ ಮೊದಲು ನನ್ನ ಕೈಗೆ ಬರಬೇಕು, ಅದು ಮನೆಯ ಕಾಯಿದೆ. ನಾನು ಇಡೀ ಪುಸ್ತಕ ಓದಲಿಕ್ಕೆ ಹೋದರೆ ದೀಪಾವಳಿಗೆ ಹಿಡಿದದ್ದು ಯುಗಾದಿಗೆ ಮುಗಿಯಬೇಕು. ಅದಕ್ಕೇ ಒಂದು ಉಪಾಯ ಹೂಡಿದ್ದೆ. ಕೊನೆಯ ಪುಟ ಓದುವುದು. ಕೊನೆಯಲ್ಲಿ ಮದುವೆಯೋ, ಹಬ್ಬವೋ, ಕಳೆದ ಆಕಳು ಸಿಕ್ಕಿತೋ, ಆ ಪುಸ್ತಕ ಮನೆಯೊಳಗೆ. ಯಾರಾದರೂ ಸತ್ತರೋ, ಅತ್ತರೋ, ಆ ಪುಸ್ತಕ ಜಗುಲಿಗೆ. ಹುಡುಗಿ ಹಿರಿಯರಿಗೆ ಎದುರು ಮಾತಾಡಿದ್ದರೆ ಅದೂ ಜಗುಲಿಗೆ. ‘ಸಾಬ್ರೇ, ಇದು ಮಂಡಕ್ಕಿಗೆ’ ಅಂದರೆ ಮುಗಿಯಿತು. ನನಗೆ ಹೆಮ್ಮೆ ಬೇರೆ. ಓದಿದವರು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವುದನ್ನು ನಾನು ಒಂದು ಪುಟದಲ್ಲಿ ಮುಗಿಸುತ್ತೇನೆ ಅಂತ. ನಗಾಡ್ರಿ, ನಗಾಡ್ರಿ. ನಿಮ್ಮಲ್ಲಿ ಎಷ್ಟು ಜನ ರಟ್ಟು ನೋಡಿ ಆರಿಸುತ್ತೀರಿ, ನಾನು ಕೇಳಲೇ?

ಹನ್ನೆರಡು ವರ್ಷದ ಹಿಂದೆ, ಐವತ್ತಮೂರನೇ ಇಸವಿಯಲ್ಲಿ, ಸರ್ವಮಂಗಳಳಿಗೆ ಕ್ಷಯ ಅಂತ ಡಾಕ್ಟರು ಹೇಳಿದರು. ಈಗ ಆ ಹೆಸರನ್ನು ಸಭೆಯಲ್ಲಿ ಹೇಳಬಹುದು. ಆಗ ಹೇಳಿದ್ದರೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುತ್ತಿರಲಿಲ್ಲ, ನಮ್ಮ ಅಂಗಡಿಯ ಬೇಳೆ ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಮಗ ವಾಮದೇವಪ್ಪ ಅವಳನ್ನು ಮೈಸೂರಿನ ಕಡೆ ಒಂದು ಆಸ್ಪತ್ರೆಗೆ ಸೇರಿಸಿ ಬಂದ. ಮಗು ಕೇಳಿತು. ನಾನು ಹೇಳಿದೆ: ‘ನಿಮ್ಮವ್ವ ತವರಿಗೆ ಹೋಗ್ಯಾಳೆ, ಅತ್ತಿಗೆ ಬಾಣಂತನಕ್ಕೆ.’ ಮೂರು ತಿಂಗಳಾಯಿತು, ಐದು ತಿಂಗಳಾಯಿತು. ‘ಅಜ್ಜೀ, ಅತ್ತೆಗೆ ಎಷ್ಟು ಕೂಸು ಹುಟ್ಟಿದಾವೆ?’ ಅಂತ ಉಮಾ ಕೇಳಿದಳು. ಹತ್ತು ವರ್ಷದ ಮಗುವಿಗೆ ಎಲ್ಲಾ ಗೊತ್ತಾಗುತ್ತದೆ ರೀ. ಮುಚ್ಚಿಟ್ಟದ್ದು ಏನು ಅಂತ ಗೊತ್ತಾಗಲಿಕ್ಕಿಲ್ಲ, ಮುಚ್ಚಿಟ್ಟಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ನನಗೆ ಅದು ತಿಳಿಯಲಿಲ್ಲ.

ವಾಮದೇವ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದ. ಒಂದು ಸಲ ಬರುವಾಗ ಒಂದು ಪುಸ್ತಕ ತಂದ. ತೆಳ್ಳಗೆ, ನೀಲಿ ರಟ್ಟು. ‘ಅವ್ವಾ, ಸರ್ವಮಂಗಳ ಇದನ್ನ ಉಮಾಗೆ ಕೊಟ್ಟಾಳೆ. ಓದಬೇಕಂತೆ’ ಅಂದ. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರು, ಕೊಟ್ಟು ಹೋದ. ಉಮಾ ಶಾಲೆಗೆ ಹೋಗಿದ್ದಳು.

ನಾನೇನು ಮಾಡಿದೆ? ನೀವೇ ಹೇಳ್ರಿ, ನಾನೇನು ಮಾಡಿರಬಹುದು?

ಪುಸ್ತಕ ಹಿಂದುಮುಂದಾಗಿ ಹಿಡಿದು ಕೊನೆಯ ಪುಟ ತೆಗೆದೆ. ಒಬ್ಬಳು ಹುಡುಗಿ. ತಾಯಿ ಇಲ್ಲದ ಮನೆ. ತಾಯಿ ದಿನಾ ದೀಪ ಹಚ್ಚುತ್ತಿದ್ದ ಗೂಡಿಗೆ ಎಣ್ಣೆ ಹಾಕಿ ಆ ಹುಡುಗಿ ತಾನೇ ದೀಪ ಹಚ್ಚುತ್ತಾಳೆ. ಅಷ್ಟೇ ಕಥೆ. ಇವಳಿಗೇನು ಬುದ್ಧಿ ಕೆಟ್ಟಿದೆಯಾ, ಮಗುವಿಗೆ ಇಂಥ ಪುಸ್ತಕ ಕಳಿಸುತ್ತಾಳಲ್ಲ ಅಂತ ಸಿಟ್ಟು ಬಂತು. ಅಪಶಕುನ ಅನ್ನಿಸಿತು. ನೆಟ್ಟಗೆ ಜಗುಲಿಗೆ ಹೋಗಿ, ‘ಸಾಬ್ರೇ, ಇದು ಮಂಡಕ್ಕಿಗೆ’ ಅಂದೆ.

ಮುಂದಿನ ತಿಂಗಳು ವಾಮದೇವ ಕೇಳಿದ: ‘ಅವ್ವಾ, ಉಮಾ ಪುಸ್ತಕ ಓದಿದ್ಲಾ? ಸರ್ವಮಂಗಳ ಕೇಳ್ತಾಳೆ.’ ‘ಓದಿದಳು’ ಅಂದೆ. ಅದರ ಮುಂದಿನ ತಿಂಗಳು ಮತ್ತೆ ಕೇಳಿದ: ‘ಓದಿ ಏನಂದ್ಲು? ಏನಾರ ಬರೆದು ಕೊಡ್ತಾಳಾ?’ ‘ಮಕ್ಕಳಿಗೆ ಏನು ತಿಳೀತೈತೆ, ಓದಿದಳು, ಎತ್ತಿಟ್ಟಳು’ ಅಂದೆ. ಅವನು ಆ ಮಾತನ್ನೇ ಹೋಗಿ ಅಲ್ಲಿ ಹೇಳಿದ. ವಾಮದೇವಾ, ತಲೆ ಕೆಳಗೆ ಹಾಕಬ್ಯಾಡ. ಮೂರನೇ ಸಾಲಿನಲ್ಲಿ ನಿನ್ನ ರುಮಾಲು ನನಗೆ ಕಾಣುತ್ತದೆ. ನೀನು ತಪ್ಪು ಮಾಡಲಿಲ್ಲ. ತಾಯಿ ಹೇಳಿದ್ದನ್ನು ನಂಬಿದೆ.

ಆಷಾಢದಲ್ಲಿ ಸರ್ವಮಂಗಳ ಹೋದಳು. ಮಣ್ಣೂ ಅಲ್ಲೇ ಆಯಿತು. ಇನ್ನು ತವರಿನ ಕಥೆ ಎಲ್ಲಿ ಹೇಳುವುದು? ಮಗುವನ್ನು ಕೂಡಿಸಿಕೊಂಡು ಹೇಳಿದೆ. ಅವಳು ಅಳಲಿಲ್ಲ. ಒಂದೇ ಮಾತು ಕೇಳಿದಳು: ‘ಅವ್ವ ನಂಗೆ ಏನಾರ ಹೇಳಿದ್ಲಾ?’

‘ಏನೂ ಇಲ್ಲವ್ವಾ’ ಅಂದೆ.

ಆಗ ಅದು ಸುಳ್ಳು ಅಂತ ನನಗೆ ಗೊತ್ತಿರಲಿಲ್ಲ. ಅಷ್ಟಾದರೂ ನನ್ನ ಪರವಾಗಿ ಬರೆದುಕೊಳ್ರಿ.

ನೀವು ಸಾಬರ ಪದ್ಧತಿ ಕೇಳಬೇಕು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ದೇವರ ಚಿತ್ರ ಇರುವ ಹಾಳೆ ಪೊಟ್ಟಣ ಮಾಡುತ್ತಿರಲಿಲ್ಲ. ಕೈಬರಹ ಇದ್ದ ಹಾಳೆಯನ್ನೂ ಮುಟ್ಟುತ್ತಿರಲಿಲ್ಲ. ಎತ್ತಿ ಬೇರೆ ಗಂಟು ಕಟ್ಟುತ್ತಿದ್ದರು. ‘ಅಮ್ಮಾರೇ, ಕೈಲಿ ಬರೆದಿದ್ದು ಯಾರದೋ ಜೀವ ಇರ್ತೈತೆ. ದೇವರ ಹೆಸರೂ ಇರಬೋದು. ಎಣ್ಣೆ ಕೈಲಿ ಹಿಡಿದು ತಿಂದು ಬಿಸಾಕಿದ್ರೆ ಗುನಾ, ಪಾಪ ಬರ್ತೈತೆ’ ಅನ್ನುತ್ತಿದ್ದರು. ಆ ಗಂಟನ್ನು ವರ್ಷಕ್ಕೊಮ್ಮೆ ಶ್ರಾವಣದಲ್ಲಿ ನಾನು ಹರಿಹರಕ್ಕೆ ಹೊಳೆಗೆ ಬಂದಾಗ ತಂದು ಬಿಡುವುದು ವಾಡಿಕೆ.

ಆ ಶ್ರಾವಣದಲ್ಲೂ ಬಂದೆ. ಇಲ್ಲೇ, ನಿಮ್ಮ ಶಾಲೆಯಿಂದ ನಡೆದರೆ ಹೊಳೆಯ ಮೆಟ್ಟಿಲು. ಗಂಟು ಬಿಚ್ಚಿ ಹಾಳೆಗಳನ್ನು ಒಂದೊಂದೇ ನೀರಿಗೆ ಬಿಡುತ್ತಿದ್ದೆ. ಒಂದು ಹಾಳೆಯ ಮೇಲೆ ‘ಉ’ ಅಂತ ಕಂಡಿತು. ಕೈಬರಹ ನನಗೆ ಓದಲಿಕ್ಕೆ ಬರುವುದಿಲ್ಲ ಅಂತ ಹೇಳಿದೆನಲ್ಲ? ಆದರೆ ಆ ‘ಉ’ ನನಗೆ ಗೊತ್ತು. ನಮ್ಮ ಮನೆಯ ಉದ್ದಿನಬೇಳೆ ಡಬ್ಬಿಯ ಮೇಲಿನ ‘ಉ’ ಅದು. ಬಾಲ ಉದ್ದಕ್ಕೆ ಎಳೆದು ಕೊನೆಗೆ ಸುರುಳಿ ಸುತ್ತಿದ್ದು. ಹೆಸರಿನ ಮೊದಲಕ್ಷರ. ಉಮಾ.

ನೀಲಿ ರಟ್ಟಿನ ಒಳಗೆ, ಮೊಟ್ಟಮೊದಲ ಖಾಲಿ ಹಾಳೆ ಅದು. ಎರಡೂ ಮಗ್ಗುಲು ತುಂಬಾ ಬರೆದಿದ್ದಳು. ಬಾಯಲ್ಲಿ ಹೇಳಲಾಗದ್ದನ್ನು ಆ ಕಥೆಯ ಕೈಯಲ್ಲಿ ಹೇಳಿಸಬೇಕು ಅಂತ, ಹುಡುಕಿ ಹುಡುಕಿ ಆ ಪುಸ್ತಕ ಆರಿಸಿದ್ದಳು. ಆರಿಸಿದವಳು ಅವಳು, ಸಭಿಕರೇ. ನಾನಲ್ಲ. ಹಾಸಿಗೆ ಮೇಲೆ ಮಲಗಿದಲ್ಲಿಂದಲೇ ತನ್ನ ಮಗಳಿಗೆ ಏನು ಬೇಕು ಅಂತ ಅವಳಿಗೆ ಗೊತ್ತಿತ್ತು. ಒಂದೇ ಮನೆಯಲ್ಲಿ ಪಕ್ಕದಲ್ಲೇ ಮಲಗುತ್ತಿದ್ದ ನನಗೆ ಗೊತ್ತಿರಲಿಲ್ಲ. ನಾನು ಹಿಂದಿನಿಂದ ತೆಗೆದವಳು. ಮುಂದಿನ ಹಾಳೆ ತಿರುವಿ ನೋಡಲೇ ಇಲ್ಲ.

ಹಾಳೆಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ತಂದೆ. ಆ ಹಾಳೆ ಪೂರಾ ಓದಲು ನನಗೆ ನಾಲ್ಕು ದಿನ ಹಿಡಿಯಿತು. ಡಬ್ಬಿಯ ಚೀಟಿಗಳನ್ನು ಮುಂದಿಟ್ಟುಕೊಂಡು, ಜೀರಿಗೆಯ ‘ಜೀ’, ಸಾಸಿವೆಯ ‘ಸಾ’ ಅಂತ ಅಕ್ಷರಕ್ಕೆ ಅಕ್ಷರ ಹೊಂದಿಸಿ ಓದಿದೆ. ಯಾರ ಕೈಲಾದರೂ ಓದಿಸಬಹುದಿತ್ತು. ಓದಿಸಿದರೆ ನಾನು ಮಾಡಿದ್ದು ಬಯಲಾಗುತ್ತಿತ್ತು.

ಅವತ್ತೇ ಕೊಡಬೇಕಿತ್ತು. ‘ಏನೂ ಇಲ್ಲವ್ವಾ’ ಅಂದು ತಿಂಗಳೂ ಆಗಿರಲಿಲ್ಲ. ಇನ್ನೊಂದಿಷ್ಟು ದೊಡ್ಡವಳಾಗಲಿ ಅಂದುಕೊಂಡೆ. ದೊಡ್ಡವಳಾದಳು. ಪರೀಕ್ಷೆ ಮುಗಿಯಲಿ ಅಂದೆ. ಎಸ್.ಎಸ್.ಎಲ್.ಸಿ. ಮುಗಿಯಿತು, ಟ್ರೈನಿಂಗೂ ಮುಗಿಯಿತು. ಹಾಳೆ ನನ್ನ ವಿಭೂತಿ ಡಬ್ಬಿಯ ಅಡಿಯಲ್ಲೇ ಇತ್ತು. ದಿನಾ ಬೆಳಿಗ್ಗೆ ವಿಭೂತಿ ಹಚ್ಚುವಾಗ ನೋಡುತ್ತಿದ್ದೆ. ಊರಿನವರೆಲ್ಲ ನನ್ನ ನಾಲಿಗೆಗೆ ಹೆದರುತ್ತಾರೆ. ಆ ನಾಲಿಗೆ ಇದೊಂದು ಮಾತಿಗೆ ಏಳಲಿಲ್ಲ.

ತಾಯಿ ಹೋದ ಸುದ್ದಿ ಕೇಳಿದ ದಿನದಿಂದ ಉಮಾ ಕಥೆ ಪುಸ್ತಕ ಮುಟ್ಟಲಿಲ್ಲ. ಪಾಠದ ಪುಸ್ತಕ, ಅಷ್ಟೇ. ನಾನೇ ತಂದು ಕೊಟ್ಟರೂ, ‘ಬ್ಯಾಡ ಅಜ್ಜಿ, ಅದರಾಗೆ ಏನೈತೆ’ ಅನ್ನುತ್ತಿದ್ದಳು. ಅವಳ ತಲೆಯಲ್ಲಿ ಒಂದು ಕೂತುಬಿಟ್ಟಿತ್ತು: ಅವ್ವ ನನಗೆ ಒಂದು ಮಾತೂ ಹೇಳದೆ ಹೋದಳು. ಅಲ್ಲಿ ಆ ಹಾಸಿಗೆಯ ಮೇಲೆ ಇನ್ನೊಬ್ಬಳು, ಮಗಳು ಎಲ್ಲಾ ಓದಿಯೂ ಒಂದು ಮಾತು ಬರೆಯಲಿಲ್ಲ ಅಂದುಕೊಂಡೇ ಕಣ್ಣು ಮುಚ್ಚಿದಳು. ಇಬ್ಬರ ನಡುವೆ ಇದ್ದವಳು ನಾನು.

ಈಗ ಬೀರುವಿನ ವಿಷಯ. ಅಧ್ಯಕ್ಷರು ದಾನ ಅಂದರು. ದಾನವೂ ಅಲ್ಲ, ಧರ್ಮವೂ ಅಲ್ಲ. ಹಾಳೆ ಇತ್ತು, ಪುಸ್ತಕ ಇರಲಿಲ್ಲ. ಇನ್ನೊಂದು ಪ್ರತಿ ಸಿಕ್ಕರೆ ಎರಡೂ ಸೇರಿಸಿ ಕೊಡೋಣ ಅಂತ ಹುಡುಕಲು ಶುರು ಮಾಡಿದೆ. ಹೆಸರು ಗೊತ್ತಿಲ್ಲ. ಬರೆದವರು ಯಾರೋ ಗೊತ್ತಿಲ್ಲ. ನನಗೆ ಗೊತ್ತಿದ್ದುದು ನೀಲಿ ರಟ್ಟು, ಕೊನೆಯ ಪುಟ. ಅಂಗಡಿಗೆ ರದ್ದಿ ಬಂದಾಗಲೆಲ್ಲ ಮಕ್ಕಳ ಪುಸ್ತಕ ಎತ್ತಿ ಕೊನೆಯ ಪುಟ ನೋಡಿದೆ. ದೀಪ ಹಚ್ಚುವ ಹುಡುಗಿ ಸಿಗಲಿಲ್ಲ. ಆದರೆ ಪುಸ್ತಕವನ್ನು ಜಗುಲಿಗೆ ಹಾಕಲು ಕೈ ಬರಲಿಲ್ಲ. ಯಾರಿಗೆ ಯಾರು ಏನು ಕಳಿಸಿದ್ದೋ ಅನ್ನಿಸಿ, ಮುಂದಿನಿಂದ ತೆಗೆದು ಓದಲಿಕ್ಕೆ ಕೂತೆ. ತಿಂಗಳಿಗೆ ಒಂದು, ಆಮೇಲೆ ವಾರಕ್ಕೆ ಒಂದು. ನನ್ನ ಓದು ಮೂರನೇ ಕ್ಲಾಸಿನಿಂದ ಮುಂದಕ್ಕೆ ಹೋದದ್ದು ಹೀಗೆ. ಹನ್ನೆರಡು ವರ್ಷದಲ್ಲಿ ಇನ್ನೂರ ಹನ್ನೆರಡು. ಎಲ್ಲವೂ ಮೊದಲ ಪುಟದಿಂದ. ಮಸ್ತಾನಸಾಬರು ಹೋದ ವರ್ಷ ತೀರಿಕೊಂಡರು. ಅವರಿದ್ದಿದ್ದರೆ ಹೇಳುತ್ತಿದ್ದರು, ಅಂಗಡಿಯಲ್ಲಿ ಪೊಟ್ಟಣಕ್ಕೆ ಕಾಗದ ಸಾಲದೆ ಎಷ್ಟು ಜಗಳ ಆಯಿತು ಅಂತ.

ಹಾಗಾದರೆ ಒಳ್ಳೆಯ ಪುಸ್ತಕ ಯಾವುದು ಅಂತ ಅನ್ನಪೂರ್ಣಮ್ಮನವರು ಕೇಳಿದರಲ್ಲ. ಅವರ ಚೀಟಿಯಲ್ಲಿ ‘ಶುದ್ಧ ಭಾಷೆ, ಉತ್ತಮ ನೀತಿ, ದಪ್ಪ ಅಕ್ಷರ, ಚಿತ್ರ’ ಅಂತ ಇದೆ. ಇರಲಿ, ಎಲ್ಲಾ ಇರಲಿ. ದಪ್ಪ ಅಕ್ಷರ ಅಂತೂ ನನ್ನಂಥವರಿಗೂ ಬೇಕು. ಆದರೆ ತಾಯಂದಿರೇ, ಅಳು ಬರುತ್ತದೆ ಅಂತ ಪುಸ್ತಕ ಕಿತ್ತುಕೊಳ್ಳಬ್ಯಾಡ್ರಿ. ಹತ್ತು ವರ್ಷದ ಮಗು ತೊಡೆಯ ಮೇಲೂ ಕೂರುವುದಿಲ್ಲ, ದೊಡ್ಡವರ ಮಾತಿಗೂ ಸೇರುವುದಿಲ್ಲ, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತದೆ. ಬಾಗಿಲ ಹಿಂದೆ ಅರ್ಧ ಕೇಳಿ ಹೆದರುವುದಕ್ಕಿಂತ ಪುಸ್ತಕದಲ್ಲಿ ಪೂರಾ ಓದಿ ಅಳಲಿ. ನೀವು ಪಕ್ಕದಲ್ಲಿ ಕೂಡ್ರಿ. ಓದು ಬರದಿದ್ದರೂ ಕೂಡ್ರಿ. ಮಗುವೇ ಓದಿ ಹೇಳುತ್ತದೆ. ನನಗೆ ತಿಳಿದದ್ದು ಇಷ್ಟೇ, ಅದೂ ತಿಳಿಯಬೇಕಾದಾಗ ತಿಳಿಯಲಿಲ್ಲ.

ಹದಿನೈದು ದಿನದ ಹಿಂದೆ ಬೀರು ಗಾಡಿಯಲ್ಲಿ ಬಂದಾಗ ಪುಸ್ತಕಗಳನ್ನು ಲೆಕ್ಕ ಮಾಡಿ ಇಳಿಸಿಕೊಂಡವಳು ಈ ಶಾಲೆಯ ಹೊಸ ಟೀಚರು. ಹೆಸರು ಉಮಾಮಹೇಶ್ವರಿ. ಹೌದು, ಅವಳೇ. ಬೀರುವಿನ ಉಸ್ತುವಾರಿ ಅವಳಿಗೆ ವಹಿಸಿದ್ದಾರಂತೆ. ಅವಳು ಹೆಡ್‌ಮಿಸ್ ಹತ್ತಿರ, ‘ಬೇರೆಯವರಿಗೆ ಕೊಡ್ರಿ ಮೇಡಂ, ನಾನು ಕಥೆ ಓದೋದಿಲ್ಲ’ ಅಂದಳಂತೆ. ಅವತ್ತು ನನ್ನನ್ನೂ ಕೇಳಿದಳು: ‘ಇಷ್ಟನ್ನೂ ನೀನು ಓದಿದ್ದೀಯಾ ಅಜ್ಜಿ?’ ‘ಓದಿದ್ದೀನಿ’ ಅಂದೆ. ‘ಕೊನೇ ಪುಟನಾ?’ ಅಂದಳು. ನನ್ನ ಮೊಮ್ಮಗಳು. ನಾಲಿಗೆ ಎಲ್ಲಿಂದ ಬಂತು ಅಂತ ಕೇಳುವ ಹಾಗಿಲ್ಲ.

ಮನೆಯಲ್ಲಿ ಹೇಳಬಹುದಿತ್ತಲ್ಲ, ಸಭೆಗೆ ಯಾಕೆ ತಂದೆ ಅಂತ ನೀವು ಕೇಳಬಹುದು. ಮೂರು ಸಲ ಮನೆಯಲ್ಲಿ ಬಾಯಿ ತೆಗೆದೆ. ಮೂರು ಸಲವೂ ಉಪ್ಪು ಜಾಸ್ತಿಯಾಯಿತು ಅಂತ ಬೇರೆ ಯಾರನ್ನೋ ಬೈದು ಸುಮ್ಮನಾದೆ. ಮನೆಯಲ್ಲಾದರೆ ಅಡುಗೆಮನೆಗೆ ಎದ್ದು ಹೋಗಬಹುದು. ಇಲ್ಲಿ ನಾನು ಎದ್ದು ಹೋಗುವಂತಿಲ್ಲ. ನೀನೂ ಹೋಗುವಂತಿಲ್ಲ ಉಮಾ. ಕೂತುಕೋ. ಭಾಷಣದ ನಡುವೆ ಟೀಚರು ಎದ್ದರೆ ಮಕ್ಕಳು ಏನು ಕಲಿತಾರೆ?

ಪುಸ್ತಕ ಸಿಗಲಿಲ್ಲ ಮಗಾ. ಬೀರುವಿನ ಮೇಲಿನ ಸಾಲಿನಲ್ಲಿ ಮೊದಲನೆಯ ಜಾಗ ಖಾಲಿ ಬಿಟ್ಟಿದ್ದೀನಿ. ಈ ಸಭೆಯಲ್ಲಿ ಯಾರ ಮನೆಯಲ್ಲಾದರೂ ಅಂಥ ನೀಲಿ ರಟ್ಟಿನ ಪುಸ್ತಕ ಇದ್ದರೆ ಟೀಚರಿಗೆ ತಂದು ಕೊಡ್ರಿ. ನನ್ನ ಬಲಗಣ್ಣಿಗೆ ಪೊರೆ ಬಂದಿದೆ, ಇನ್ನು ನಾನು ಹುಡುಕಲಾರೆ.

ಹಾಳೆ ಮಾತ್ರ ಇಲ್ಲಿದೆ. ನನ್ನ ಕೈಯಲ್ಲಿ. ವಿಭೂತಿ ಮೆತ್ತಿಕೊಂಡು ಅಂಚು ಬೆಳ್ಳಗಾಗಿದೆ, ಅಕ್ಷರ ಹಾಗೇ ಐತೆ. ಇದನ್ನು ಸಭೆಯಲ್ಲಿ ಓದುವುದಿಲ್ಲ. ಇದು ಸಭೆಗೆ ಬರೆದದ್ದಲ್ಲ. ಇದರಲ್ಲಿ ನನ್ನ ವಿಷಯ ಎರಡು ಮಾತು ಇದೆ, ಅಷ್ಟನ್ನು ಮಾತ್ರ ಹೇಳುತ್ತೇನೆ, ಅದು ನನಗೆ ಸೇರಿದ್ದು. ಇಷ್ಟು ಬೈದಿದ್ದೆನಲ್ಲ ಅವಳನ್ನು? ಒಂದು ಹರಕು ಮಾತೂ ಇಲ್ಲ. ‘ಉಮಾ, ಇದನ್ನು ಅಜ್ಜಿಯ ಪಕ್ಕದಲ್ಲಿ ಕೂತು ಓದು. ಅವರು ಓದುವುದು ನಿಧಾನ, ನೀನು ಕಾಯಬೇಕು.’

ನಿಧಾನವಾಯಿತು ಮಗಾ. ಹನ್ನೆರಡು ವರ್ಷ ಹಿಡಿಯಿತು. ನೀನು ಕಾಯುತ್ತಿದ್ದುದು ನಿನಗೇ ಗೊತ್ತಿರಲಿಲ್ಲ.

ಅಧ್ಯಕ್ಷರೇ, ಬೀರುವಿನ ಬೀಗದ ಕೈ ನಿಮ್ಮ ಕೈಗೆ ಕೊಡಬೇಕು ಅಂತ ಕಾರ್ಯಕ್ರಮದಲ್ಲಿ ಅಚ್ಚಾಗಿದೆ. ತಪ್ಪು ತಿಳಿಯಬ್ಯಾಡ್ರಿ, ನಾನು ಅದನ್ನು ಉಮಾ ಟೀಚರಿಗೆ ಕೊಡುತ್ತೇನೆ, ಈ ಹಾಳೆಯ ಜೊತೆಗೆ. ಅವಳು ತೆಗೆದುಕೊಂಡರೆ ತೆಗೆದುಕೊಳ್ಳಲಿ. ತೆಗೆದುಕೊಳ್ಳದಿದ್ದರೆ ಈ ಮೇಜಿನ ಮೇಲೆ ಇಟ್ಟು ಇಳಿಯುತ್ತೇನೆ. ಪಕ್ಕದಲ್ಲಿ ಕೂಡಿಸಿಕೋ ಅಂತ ನಾನು ಕೇಳುವುದಿಲ್ಲ. ಅದನ್ನು ಕೇಳುವ ಬಾಯಿ ನನಗಿಲ್ಲ. ನಾನು ಆ ಕೊನೆಯ ಬೆಂಚಿನಲ್ಲಿ, ಬಾಗಿಲ ಹತ್ತಿರ ಕೂತಿರುತ್ತೇನೆ. ಹರಿಹರದಿಂದ ಕಡೆಯ ಬಸ್ಸು ಏಳು ಗಂಟೆಗೆ. ಅಲ್ಲಿಯ ತನಕ ನನಗೆ ಯಾವ ಅವಸರವೂ ಇಲ್ಲ.

ಹತ್ತು ನಿಮಿಷ ಅಂದವರಿಗೆ ಅರ್ಧ ಗಂಟೆ ಮಾಡಿದೆ, ಅದಕ್ಕೂ ಕ್ಷಮೆ ಇರಲಿ. ಇಷ್ಟು ಹೊತ್ತು ಜಡೆ ಎಳೆಯದೆ ಕೂತ ಮಕ್ಕಳಿಗೆ, ಕೇಳಿಸಿಕೊಂಡ ನಿಮ್ಮೆಲ್ಲರಿಗೆ, ಒಂದು ಹಾಳೆಯನ್ನು ಹರಿಯದೆ ಎತ್ತಿಟ್ಟ ಮಸ್ತಾನಸಾಬರಿಗೆ, ಮಗಳಿಗೆ ಪುಸ್ತಕ ಆರಿಸಲು ಬರುತ್ತಿದ್ದ ನನ್ನ ಸೊಸೆಗೆ,

ನಮಸ್ಕಾರ.